ರೊಟ್ಟಿ ಒಡೆಯದ ಕಾರು

ಎಲೆಕ್ಟ್ರಿಕ್ ಕಾರು ಆರಿಸೋ ವಿಷಯದಲ್ಲಿ ನನಗಿಂತ ತಿಳಿದವನು ಇಡೀ ಕೆ.ಆರ್. ಪುರದಲ್ಲಿ ಇನ್ನೊಬ್ಬನಿಲ್ಲ ಅಂತ ನಾನು ಹದಿನೈದು ದಿನ ನಂಬಿದ್ದೆ. ನಂಬೋಕೆ ಕಾರಣವೂ ಇತ್ತು. ನಾನು ಎಲೆಕ್ಟ್ರಿಷಿಯನ್ನು! ಮಾರತ್ತಹಳ್ಳಿಯ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಕೆಲಸ. ಅಲ್ಲಿನ ಬೇಸ್‌ಮೆಂಟಿನಲ್ಲಿ ಎಷ್ಟು ಕಾರಿಗೆ ಚಾರ್ಜಿಂಗ್ ಪಾಯಿಂಟ್ ಇದೆಯೋ ಅಷ್ಟಕ್ಕೂ ವೈರ್ ಎಳೆದದ್ದು ಇದೇ ಕೈ. ಫ್ಲಾಟಿನವರು ಊರಿಗೆ ಹೋದಾಗ ಅವರ ಪೆಟ್ರೋಲ್ ಕಾರನ್ನು ಆ ಕಂಬದಿಂದ ಈ ಕಂಬಕ್ಕೆ ಸರಿಸಿ ನಿಲ್ಲಿಸೋನೂ ನಾನೇ. ಹೀಗಾಗಿ ಡ್ರೈವಿಂಗೂ ಬರುತ್ತೆ ಅಂತಾಯಿತು. ಬೇಸ್‌ಮೆಂಟಿನಲ್ಲಿ ಟ್ರಾಫಿಕ್ ಇರಲ್ಲ ಅನ್ನೋ ಸಣ್ಣ ಸಂಗತಿ ಆಗ ಹೊಳೆಯಲಿಲ್ಲ.

ಕಾರು ಬೇಕಾಗಿದ್ದು ನನ್ನ ಶೋಕಿಗಲ್ಲ, ನನ್ನ ಹೆಂಡತಿ ಮಹಾದೇವಿಯ ರೊಟ್ಟಿಗೆ. ನಾವು ಸೇಡಂ ಕಡೆಯವರು, ಹದಿನಾರು ವರ್ಷದಿಂದ ಇಲ್ಲಿ ಎರಡು ರೂಮಿನ ಬಾಡಿಗೆ ಮನೆಯಲ್ಲಿದ್ದೇವೆ. ಮಹಾದೇವಿ ಮೂರು ಮನೆಗಳಲ್ಲಿ ಅಡುಗೆ ಕೆಲಸ ಮಾಡಿ, ಉಳಿದ ಹೊತ್ತಿನಲ್ಲಿ ಜೋಳದ ಕಡಕ್ ರೊಟ್ಟಿ ಬಡಿದು ಮಾರುತ್ತಾಳೆ. ಕಡಕ್ ರೊಟ್ಟಿ ಅಂದರೆ ತೆಳ್ಳಗೆ ಬಡಿದು, ಗರಿಗರಿಯಾಗಿ ಒಣಗಿಸಿದ್ದು. ತಿಂಗಳಿಟ್ಟರೂ ಕೆಡಲ್ಲ, ಆದರೆ ಪಕ್ಕದಲ್ಲಿ ಜೋರಾಗಿ ಸೀನಿದರೆ ಒಡೆಯುತ್ತೆ! ನನ್ನ ಸ್ಕೂಟರಿನ ಮೇಲೆ ನೂರು ರೊಟ್ಟಿ ಹೊರಟರೆ ಅರವತ್ತು ತಲುಪುತ್ತಿದ್ದವು. ಉಳಿದ ನಲವತ್ತರ ಚೂರು ವಾಪಸ್ ಮನೆಗೆ ಬಂದು, ಮೊಸರಿನಲ್ಲಿ ನೆನೆದು, ನಮ್ಮಿಬ್ಬರ ಊಟವಾಗುತ್ತಿತ್ತು.

ಹೀಗಿರುವಾಗ ಹಲಸೂರಿನಲ್ಲಿ ಮೆಸ್ ನಡೆಸುವ ಸೆಲ್ವಣ್ಣ ಒಂದು ರೊಟ್ಟಿ ತಿಂದು ನೋಡಿ ಹೇಳಿದ.

"ಟೇಸ್ಟ್ ಸೂಪರ್ ಅಮ್ಮಾ. ಆದ್ರೆ ನನ್ ಕಸ್ಟಮರ್‌ಗೆ ರೌಂಡಾಗಿ ಬೇಕು. ತಟ್ಟೇಲಿ ಪೀಸ್ ಪೀಸ್ ಇಟ್ರೆ ಯಾರೋ ತಿಂದು ಬಿಟ್ಟಿದ್ದು ಅಂತಾರೆ. ಗುರುವಾರ ಹನ್ನೊಂದು ಗಂಟೆಗೆ ನೂರೈವತ್ತು ತನ್ನಿ. ಹತ್ತು ಒಡೆದಿದ್ರೆ ಪರ್ವಾಗಿಲ್ಲ. ಹನ್ನೊಂದು ಒಡೆದಿದ್ರೆ ಬೇಡ. ಸರಿಯಿದ್ರೆ ದಿನಾ ನೂರೈವತ್ತು ನಿಮ್ದೇ."

ದಿನಾ ನೂರೈವತ್ತು! ಅಂದರೆ ಆ ಮೂರು ಮನೆಯ ಕೆಲಸ ಬಿಟ್ಟು ಮಹಾದೇವಿ ತನ್ನ ಒಲೆಯ ಮುಂದೆ ತಾನು ಕೂರಬಹುದು. ಅವತ್ತಿನಿಂದ ಅವಳ ಬಾಯಲ್ಲಿ ಗುರುವಾರ ಬಿಟ್ಟು ಬೇರೆ ವಾರವೇ ಇರಲಿಲ್ಲ.

ನಾನು ಆ ಸಂಜೆಯೇ ಘೋಷಿಸಿದೆ. "ಕಾರ್ ತಗೊಳ್ಳೋಣು. ಕರೆಂಟಿಂದು. ಕಡಿಮಿ ರೇಟಿಂದು."

"ರೊಟ್ಟಿ ಒಯ್ಯಾಕ ಕಾರ್ ಏನ್ರಿ? ನಾ ಹ್ಯಾಂಗರ ಮಾಡಿ ಒಯ್ತೀನಿ ಬಿಡ್ರಿ," ಅಂದಳು.

ಹ್ಯಾಂಗೆ ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ.

ಲೋಕದಲ್ಲಿ ಜನ ಕಾರು ಕೊಳ್ಳುವಾಗ ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತೆ ನೋಡುತ್ತಾರೆ, ಬ್ಯಾಟರಿ ನೋಡುತ್ತಾರೆ, ಬಣ್ಣ ನೋಡುತ್ತಾರೆ. ನಾನು ಇವೆಲ್ಲವನ್ನೂ ಬದಿಗಿಟ್ಟು 'ರೊಟ್ಟಿ ಪರೀಕ್ಷೆ' ಎಂಬ ಹೊಸ ವಿಧಾನವನ್ನು ಕಂಡುಹಿಡಿದೆ. ಶೋರೂಮಿಗೆ ಫೋನ್ ಮಾಡೋದು, ಟೆಸ್ಟ್ ಡ್ರೈವಿಗೆ ಕಾರು ಮನೆಗೆ ತರಿಸೋದು, ಹಿಂದಿನ ಸೀಟಿನಲ್ಲಿ ಇಪ್ಪತ್ತು ರೊಟ್ಟಿ ಇಡೋದು, ಶೋರೂಮಿನವರ ಕೈಲೇ ನಮ್ಮ ಬೀದಿಯ ಗುಂಡಿಗಳ ಮೇಲೆ ಎರಡು ಸುತ್ತು ಹೊಡೆಸೋದು, ಒಡೆದದ್ದನ್ನು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯೋದು. ಗಿಡ್ಡ ಬಿಳಿ ಕಾರಿನಲ್ಲಿ ಏಳು ಒಡೆದವು. ಎತ್ತರದ ಕೆಂಪು ಕಾರಿನಲ್ಲಿ ಐದು. ಬಿಳಿ ಕಾರಿನವರು ಸೀಟಿನ ಮೇಲಿನ ಚೂರು ಗುಡಿಸಿಕೊಂಡು ಹೋದವರು ಆಮೇಲೆ ನನ್ನ ಫೋನೇ ಎತ್ತಲಿಲ್ಲ.

ಉಳಿದಿದ್ದು ಮೂರನೆಯದು, ನೀಲಿ ಕಾರು. ಅದರ ಟೆಸ್ಟ್ ಡ್ರೈವನ್ನು ನಾನು ಬೇಕಂತಲೇ ಗುರುವಾರ ಬೆಳಿಗ್ಗೆಗೆ ಹಾಕಿಸಿಕೊಂಡೆ. ಆ ನೂರೈವತ್ತನ್ನೇ ಇಟ್ಟು ಹಲಸೂರಿಗೆ ಹೋಗಿಬಿಟ್ಟರೆ ಪರೀಕ್ಷೆಯೂ ಆಯಿತು, ಡೆಲಿವರಿಯೂ ಆಯಿತು. ಎಂಥ ತಲೆ ನನ್ನದು!

"ಬ್ಯಾಡ್ರಿ," ಅಂದಳು ಮಹಾದೇವಿ. "ಇವು ಪರೀಕ್ಷಾ ಮಾಡೋ ರೊಟ್ಟಿ ಅಲ್ಲ. ನನ್ನ ನಸೀಬದ ರೊಟ್ಟಿ ಇವು."

"ಅಂಜಬ್ಯಾಡ. ನಾ ಎಲೆಕ್ಟ್ರಿಷಿಯನ್ ಅದೀನಿ."

"ಅದಕ್ಕ ಅಂಜಿಕಿ ಬರ್ಲಕತ್ತದ."

ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಆಯ್ತು, ಒಯ್ಯಿರಿ," ಅಂದುಬಿಟ್ಟಳು. ಹದಿನಾರು ವರ್ಷದಲ್ಲಿ ಅವಳು ಇಷ್ಟು ಬೇಗ ಯಾವುದಕ್ಕೂ ಒಪ್ಪಿದವಳಲ್ಲ. ಅನುಮಾನ ಬರಬೇಕಿತ್ತು. ಬಂದದ್ದು ಹೆಮ್ಮೆ.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ನೀಲಿ ಕಾರು ಬಂತು. ತಂದವರು ಶೋರೂಮಿನ ರೇಷ್ಮಾ ಮೇಡಂ, ಫ್ರೇಜರ್ ಟೌನಿನವರು, ಮಾತಿನಲ್ಲಿ ಬಹಳ ಖಡಕ್. ಮಹಾದೇವಿ ದೊಡ್ಡ ಡಬ್ಬಿಯನ್ನು ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ ತಂದುಕೊಟ್ಟಳು.

"ಗಂಟು ಬಿಚ್ಚಬ್ಯಾಡ್ರಿ. ಗಾಳಿ ಆಡಿದ್ರ ಮೆತ್ತಗಾಗ್ತಾವ."

"ನೀ ಬರಂಗಿಲ್ಲೇನು?"

"ನಂಗ ಸ್ವಲ್ಪ ಕೆಲಸ ಅದ."

ಡಬ್ಬಿಯನ್ನು ಹಿಂದಿನ ಸೀಟಿನಲ್ಲಿಟ್ಟು ಅದಕ್ಕೆ ಸೀಟ್ ಬೆಲ್ಟ್ ಹಾಕಿದೆ. ರೇಷ್ಮಾ ಮೇಡಂ ಅದನ್ನೂ ನನ್ನನ್ನೂ ನೋಡಿದರು.

"ಸರ್, ಟೆಸ್ಟ್ ಡ್ರೈವ್ ಐದು ಕಿಲೋಮೀಟರ್ ಅಷ್ಟೇ."

"ಹಲಸೂರಿಗೆ ಹೋಗಿ ಬರೋಣ ಮೇಡಂ. ಹಿಡಿಸಿದ್ರೆ ಇವತ್ತೇ ಬುಕಿಂಗ್."

ತಿಂಗಳ ಕೊನೆಯ ವಾರ. ಅವರಿಗೂ ಟಾರ್ಗೆಟ್ ಇತ್ತು. ಬಂದು ಪಕ್ಕದಲ್ಲಿ ಕೂತರು. ಈ ಸಲ ಸ್ಟಿಯರಿಂಗ್ ಹಿಡಿದವನು ನಾನೇ. ಬಟನ್ ಒತ್ತಿ ಕಾದೆ. ಮತ್ತೆ ಕಾದೆ.

"ಸ್ಟಾರ್ಟೇ ಆಗ್ತಿಲ್ವಲ್ಲ ಮೇಡಂ?"

"ಆಗಿ ಎರಡು ನಿಮಿಷ ಆಯ್ತು ಸರ್."

ಹೊರಟೆವು. ರೇಷ್ಮಾ ಮೇಡಂ ವಿವರಿಸತೊಡಗಿದರು. ಈ ಕಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ಎತ್ತಿದ ಕೂಡಲೇ ಗಾಡಿ ತಾನೇ ನಿಧಾನವಾಗುತ್ತೆ, ಆಗ ಮೋಟಾರಿನಿಂದ ಬ್ಯಾಟರಿಗೆ ಕರೆಂಟ್ ವಾಪಸ್ ಹೋಗುತ್ತೆ. ಅದಕ್ಕೆ ಒಂದು, ಎರಡು, ಮೂರು ಅಂತ ಮೂರು ಲೆವೆಲ್.

"ಹೊಸಬರಿಗೆ ಒಂದು ಸಾಕು ಸರ್. ಮೂರಲ್ಲಿ ಜರ್ಕ್ ಜಾಸ್ತಿ."

"ಮೂರಲ್ಲಿ ಕರೆಂಟೂ ಜಾಸ್ತಿ ತಾನೇ?"

"ಹೌದು, ಆದ್ರೆ..."

"ಮೇಡಂ, ನಾನು ಎಲೆಕ್ಟ್ರಿಷಿಯನ್ನು," ಅಂತ ಮೂರಕ್ಕೆ ಇಟ್ಟೆ. ಪುಕ್ಕಟೆ ಸಿಗೋ ಕರೆಂಟನ್ನು ಯಾವ ಎಲೆಕ್ಟ್ರಿಷಿಯನ್ ಬಿಡುತ್ತಾನೆ?

ಮುಂದೆ ಒಂದು ಆಟೋ ನಿಂತಿತು. ನಾನು ಕಾಲು ಎತ್ತಿದೆ. ಯಾರೋ ಕಾಲರ್ ಹಿಡಿದು ಜಗ್ಗಿದ ಹಾಗೆ ಕಾರು ನಿಂತಿತು. ಹಿಂದಿನಿಂದ ಸಣ್ಣಗೆ ಕೇಳಿಸಿತು.

ಪಟ್!

ಪೆಟ್ರೋಲ್ ಕಾರಾಗಿದ್ದರೆ ಎಂಜಿನ್ ಸದ್ದಿನಲ್ಲಿ ಎಲ್ಲ ಮುಚ್ಚಿಹೋಗುತ್ತಿತ್ತು. ಈ ಕಾರಿಗೋ, ಸದ್ದೇ ಇಲ್ಲ. ರೊಟ್ಟಿ ಒಡೆಯೋದು ಬಿಟ್ಟರೆ ಬೇರೇನೂ ಕೇಳಿಸಲ್ಲ! ಪರವಾಗಿಲ್ಲ, ಒಂದೇ ತಾನೇ, ಹತ್ತರವರೆಗೆ ಮಾಫಿ ಇದೆ ಅಂತ ಧೈರ್ಯ ತಂದುಕೊಂಡೆ.

ಹಳೇ ಮದ್ರಾಸ್ ರಸ್ತೆಗೆ ಬರೋದರೊಳಗೆ ನಾಲ್ಕಾದವು. ಪಟ್. ಐದು. ಬಸ್ಸೊಂದು ಅಡ್ಡ ಬಂತು. ಪಟ್ ಪಟ್. ಏಳು. ಎ.ಸಿ. ಹಾಕಿದ್ದರೂ ಬೆನ್ನು ಒದ್ದೆಯಾಗಿತ್ತು. ಲೆವೆಲ್ ಇಳಿಸಬಹುದಿತ್ತು. ಆದರೆ ಈಗಷ್ಟೇ ಎಲೆಕ್ಟ್ರಿಷಿಯನ್ ಅಂತ ಹೇಳಿಕೊಂಡ ಬಾಯಿಂದ ಹೇಗೆ ಕೇಳೋದು?

"ಸರ್, ಡಬ್ಬದಲ್ಲಿ ಏನಿದೆ? ಏನೋ ಸೌಂಡ್ ಬರ್ತಿದೆ," ಅಂದರು ರೇಷ್ಮಾ ಮೇಡಂ.

ಎಲ್ಲ ಹೇಳಿಬಿಟ್ಟೆ. ಸೆಲ್ವಣ್ಣ, ಹನ್ನೊಂದು ಗಂಟೆ, ಮೂರು ಮನೆ ಅಡುಗೆ, ಹೆಂಡತಿ ನಸುಕಿಗೆ ಎದ್ದು ಬಡಿದ ನೂರೈವತ್ತು.

"ಯಾ ಅಲ್ಲಾ! ಮೊದ್ಲೇ ಹೇಳೋದಲ್ವಾ ಸರ್!" ಅಂದವರೇ, ಟಿನ್ ಫ್ಯಾಕ್ಟರಿ ಜಾಮಿನಲ್ಲಿ ಕಾರು ನಿಂತಾಗ ಬಾಗಿಲು ತೆಗೆದು ಇಳಿದು, ಹಿಂದೆ ಹೋಗಿ ಕೂತು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ತಬ್ಬಿಕೊಂಡರು. ಕಾರು ಮಾರೋಕೆ ಬಂದ ಹೆಣ್ಣುಮಗಳು!

ಆ ಜಾಮಿನಲ್ಲಿ ಹೊತ್ತು ಹತ್ತೂ ನಲವತ್ತಾಯಿತು. ಐದಡಿ ಮುಂದೆ, ಕಾಲು ಎತ್ತು, ಪಟ್. ಐದಡಿ ಮುಂದೆ, ಕಾಲು ಎತ್ತು, ಪಟ್. ಒಂಬತ್ತು. ಹತ್ತು. ತಲೆಯ ಮೇಲೆ ಮೆಟ್ರೋ ಒಂದು ಸಲೀಸಾಗಿ ಹೋಯಿತು. ರೇಷ್ಮಾ ಮೇಡಂ ಕೈಲಿ ಮಹಾದೇವಿಗೆ ಫೋನ್ ಮಾಡಿಸಿದೆ. ಎತ್ತಲಿಲ್ಲ. ಮತ್ತೆ ಮಾಡಿಸಿದೆ. ಎತ್ತಲಿಲ್ಲ. ಎತ್ತಿದ್ದರೂ ಏನು ಹೇಳುತ್ತಿದ್ದೆನೋ.

ಪಟ್.

ಹನ್ನೊಂದು!

"ಮೇಡಂ," ಅಂದೆ, ನನ್ನ ದನಿ ನನಗೇ ಕೇಳಿಸಲಿಲ್ಲ. "ಆ ಒಂದನೇ ಲೆವೆಲ್ಲಿಗೆ ಹೇಗೆ ಇಡೋದು?"

ಹಿಂದಿನಿಂದ ಕೈ ಚಾಚಿ ತೋರಿಸಿದರು. ಇಟ್ಟೆ. ಅಬ್ಬಾ, ಎಂಥ ಮೃದು! ಆದರೆ ನನ್ನ ಕಾಲಿಗೆ ಅಷ್ಟರಲ್ಲಿ ಮೂರರ ಅಭ್ಯಾಸ ಆಗಿಹೋಗಿತ್ತು. ಮುಂದೆ ಬಸ್ಸು ನಿಂತಿತು, ನಾನು ಗತ್ತಿನಿಂದ ಕಾಲು ಎತ್ತಿದೆ, ಕಾರು ನಿಲ್ಲಲೇ ಇಲ್ಲ! ಬಸ್ಸಿನ ಹಿಂಭಾಗ ಗಾಜಿನ ತುಂಬ ಬಂತು. ಗಾಬರಿಯಲ್ಲಿ ಎರಡೂ ಕಾಲಿನಿಂದ ಬ್ರೇಕ್ ತುಳಿದೆ. ಕಾರು ನಿಂತಿತು. ಡಬ್ಬಿಯೊಳಗಿಂದ ಈ ಸಲ ಪಟ್ ಅಂತ ಬರಲಿಲ್ಲ. ಗರಗರಗರ ಅಂತ ಬಂತು. ಆಮೇಲೆ ಎಣಿಸೋ ಕೆಲಸ ಇರಲಿಲ್ಲ.

ರೇಷ್ಮಾ ಮೇಡಂ ಡಬ್ಬಿಯನ್ನು ತೊಡೆಯಿಂದ ಮೆಲ್ಲಗೆ ಇಳಿಸಿ ಸೀಟಿನ ಮೇಲಿಟ್ಟರು.

"ಸರ್," ಅಂದರು ಕೊನೆಗೆ, ಪಾಪ, ಕೆಲಸ ಕೆಲಸವೇ. "ಪಿಕಪ್ ಹೇಗನಿಸ್ತು?"

ಹಲಸೂರು ಮುಟ್ಟಿದಾಗ ಹನ್ನೊಂದೂ ಇಪ್ಪತ್ತು. ಡಬ್ಬಿ ಎತ್ತಿಕೊಂಡು ಮೆಸ್ಸಿನ ಕಡೆ ನಡೆದೆ. ಹೆಜ್ಜೆ ಇಟ್ಟಾಗಲೆಲ್ಲ ಒಳಗೆ ಜಲ್ಲಿ ಕಲ್ಲು ಅಲುಗಾಡಿದ ಸದ್ದು. ಸೆಲ್ವಣ್ಣನ ಕಾಲು ಹಿಡಿಯೋದೇ ಸರಿ ಅಂತ ತೀರ್ಮಾನಿಸಿದ್ದೆ. ಮನೆಗೆ ಹೋಗಿ ಮಹಾದೇವಿಯ ಮುಖ ನೋಡೋದು ಹೇಗೆ ಅನ್ನೋದು ಮಾತ್ರ ತೀರ್ಮಾನವಾಗಿರಲಿಲ್ಲ. ಆ ಮೂರು ಮನೆಯ ಒಲೆಗಳ ಮುಂದೆ ಅವಳನ್ನು ಇನ್ನೂ ಹತ್ತು ವರ್ಷ ನಿಲ್ಲಿಸಿದವನು ನಾನೇ ಅನ್ನಿಸಿ ಕಣ್ಣು ತುಂಬಿಬಂತು.

"ವಾಂಗ ಸಾರ್, ವಾಂಗ!" ಸೆಲ್ವಣ್ಣ ಕೌಂಟರಿನಿಂದ ನಗುತ್ತಾ ಕರೆದ.

ಒಳಗೆ ಬೆಂಚಿನ ಮೇಲೆ ಮಹಾದೇವಿ ಕೂತು ಚಾ ಕುಡಿಯುತ್ತಿದ್ದಳು. ಪಕ್ಕದ ಮೇಜಿನ ಮೇಲೆ ರೊಟ್ಟಿಗಳ ರಾಶಿ. ದುಂಡಗೆ, ಒಂದರ ಮೇಲೊಂದು!

"ಎಣಿಸಿ ಆಯ್ತು ಸಾರ್," ಅಂದ ಸೆಲ್ವಣ್ಣ. "ನೂರೈವತ್ತಲ್ಲಿ ಮೂರೇ ಒಡೆದಿರೋದು. ನಾಳೆಯಿಂದ ಡೈಲಿ."

ಹೋದ ಜೀವ ಬಂದಂತಾಯಿತು. ಅದರ ಬೆನ್ನಿಗೇ ಸಿಟ್ಟೂ ಬಂತು.

"ಹಂಗಾರ ಇದರಾಗ ಏನ್ ಅದ?"

ಮಹಾದೇವಿ ಚಾ ಲೋಟ ಕೆಳಗಿಟ್ಟು, ನಿಧಾನವಾಗಿ ಗಂಟು ಬಿಚ್ಚಿದಳು. ಒಳಗೆ ಬರೀ ಚೂರು.

"ಸ್ಕೂಟರ್‌ನಾಗ ಒಡದವು, ಆ ಬಿಳಿ ಕಾರ್‌ನಾಗ ಒಡದವು, ಆ ಕೆಂಪು ಕಾರ್‌ನಾಗ ಒಡದವು. ನಾವು ತಿಂದು ಮಿಕ್ಕಿದ್ದೆಲ್ಲಾ ಇದರಾಗ ಅದ. ಒಡದಿದ್ದನ್ನ ನೀವು ಎಷ್ಟ್ ಒಡದ್ರೂ ನಂಗೇನ್ ಲುಕ್ಸಾನ್ ಇಲ್ಲ."

"ನೀ ಹ್ಯಾಂಗ ಬಂದಿ?"

"ಮೆಟ್ರೋದಾಗ. ಪೆಟ್ಟಿಗಿ ತೊಡಿ ಮ್ಯಾಲ ಇಟ್ಕೊಂಡ್ ಕುಂತೆ, ಅಲ್ಲಿ ಹತ್ತಿದೆ, ಇಲ್ಲಿ ಇಳ್ದೆ. ಅದೂ ಕರೆಂಟಿಂದೇ ಅಲ್ಲೇನ್ರಿ? ಟಿನ್ ಫ್ಯಾಕ್ಟರಿ ಹತ್ರ ನಿಮ್ಮ ನೀಲಿ ಕಾರ್ ಕಾಣ್ತು. ಭಾರಿ ಛಂದ ಅದ."

"ಫೋನ್ ಯಾಕ ಎತ್ತಲಿಲ್ಲ?"

"ಎರಡೂ ಕೈಲೆ ಪೆಟ್ಟಿಗಿ ಹಿಡದಿದ್ದೆ."

"ಅಂದ್ರ ನಿನಗ ನನ್ನ ಮ್ಯಾಲ ನಂಬಿಕಿ ಇಲ್ಲ!"

"ನಿಮ್ಮ ಮ್ಯಾಲ ಅದ ರೀ," ಅಂದಳು. "ಆದ್ರ ನಿಮ್ಮ ಸ್ಕೂಟರ್ ಹಿಂದ ಹದಿನಾರು ವರ್ಷ ಕುಂತೀನಿ."

ರೇಷ್ಮಾ ಮೇಡಂ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಮಹಾದೇವಿ ಅವರನ್ನು ಕೂರಿಸಿ, ಶೇಂಗಾ ಚಟ್ನಿ ಹಚ್ಚಿ ರೊಟ್ಟಿ ಕೊಟ್ಟಳು. ಕಾರು ಮಾರೋಕೆ ಬಂದವರು ಅವರ ಅಮ್ಮನಿಗೆ ಅಂತ ಇಪ್ಪತ್ತು ರೊಟ್ಟಿಗೆ ಆರ್ಡರ್ ಕೊಟ್ಟು ಹೋದರು. ಸ್ಟಿಯರಿಂಗಿನ ಹತ್ತಿರ ಮಾತ್ರ ನನ್ನನ್ನು ಬಿಡಲಿಲ್ಲ.

ಮಹಾದೇವಿ ಆ ಮೂರೂ ಮನೆಯ ಕೆಲಸ ಬಿಟ್ಟಳು. ಕಾರಿನ ಆಯ್ಕೆಯನ್ನು ಸದ್ಯಕ್ಕೆ ಮುಂದೂಡಲಾಗಿದೆ. ಬೆಳಿಗ್ಗೆ ಅವಳಿಗೆ ಒಲೆಯ ಮುಂದಿಂದ ಏಳೋಕೆ ಆಗಲ್ಲ, ಅದಕ್ಕೇ ಪೆಟ್ಟಿಗೆ ಒಯ್ಯೋನು ನಾನು. ಎಲ್ಲರೂ ನೋಡುವಂತೆ ಮೆಟ್ರೋದಲ್ಲಿ ಮೊಣಕಾಲು ಸಡಿಲ ಬಿಟ್ಟು, ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಲ್ಲುತ್ತೇನೆ. ಯಾರಾದರೂ ಹತ್ತಿರ ಬಂದರೆ ಗುರ್ರೆನ್ನುತ್ತೇನೆ.

ಮೊನ್ನೆ ಅಪಾರ್ಟ್‌ಮೆಂಟಿನ ಒಬ್ಬರು ಕೇಳಿದರು. "ಶರಣಪ್ಪ, ನೀನು ಮೂರು ಕಾರು ಟೆಸ್ಟ್ ಮಾಡಿದ್ಯಂತೆ, ಯಾವುದು ತಗೊಳ್ಳಲಿ?" ನೋಟ್‌ಬುಕ್ ನೋಡಿ ಹೇಳ್ತೀನಿ ಸರ್ ಅಂತ ಗತ್ತಿನಿಂದ ಮನೆಗೆ ಬಂದು ತೆಗೆದೆ. ಬಿಳಿ ಕಾರು: ಏಳು. ಕೆಂಪು ಕಾರು: ಐದು. ನೀಲಿ ಕಾರಿನ ಮುಂದೆ ನಾನು ಏನೂ ಬರೆದಿರಲಿಲ್ಲ. ಅದರ ಕೆಳಗೆ ಮಹಾದೇವಿಯ ಅಕ್ಷರದಲ್ಲಿ ನಾಲ್ಕನೆಯದೊಂದು ಸೇರಿತ್ತು.

'ನಮ್ಮ ಮನಿಯವರು: ಎರಡು. ಸದ್ಯಕ್ಕ ನಡೀತದ.'