ಸಂತಪುರ ಮುಟ್ಟುವ ತನಕ

ಪೋಲೀಸ್ ಆಕ್ಷನ್ ಮುಗಿದು ಎರಡು ವರ್ಷಕ್ಕೆ, ಉರ್ದು ಸಾಲೆಗಳು ಕನ್ನಡಕ್ಕೆ ತಿರುಗುತ್ತಿದ್ದ ಹೊತ್ತಿಗೆ, ಸಂತಪುರದ ದತ್ತಾತ್ರಿಯೂ ಅವನ ಹೆಂಡತಿಯೂ ಮಾಸ್ತರಿಕೆಗೆ ಅರ್ಜಿ ಹಾಕಿದರು. ಅಷ್ಟರಲ್ಲಿ ಯಾರೋ ಪುಣ್ಯಾತ್ಮ, ಒಂದು ಮನೆಗೆ ಒಂದೇ ನೌಕರಿಯಂತೆ ಎಂದು ಇವನ ಕಿವಿ ಕಚ್ಚಿದ. ಅಂದಿನಿಂದ ದತ್ತಾತ್ರಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಉರ್ದು ಓದಿದ ಇವನಿಗೆ ಕನ್ನಡದ ಕಾಗುಣಿತ ತಿದ್ದಿಸಿದವಳೇ ಭಾಲ್ಕಿಯ ತವರಿನ ಚಂದ್ರಭಾಗಾ. ಒಂದೇ ನೌಕರಿಯಾದರೆ ಅದು ಯಾರ ಪಾಲೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೀದರಿನಿಂದ ಇಬ್ಬರಿಗೂ ಸಂದರ್ಶನದ ಕರೆ ಬಂದಾಗ ಕೊನೆಗೊಂದು ಮಹೋಪಾಯ ಹೊಳೆಯಿತು.

"ಬೀದರಿಗೆ ಹೋಗಿ ತಿರುಗಿ ಸಂತಪುರ ಮುಟ್ಟೂತನಕ ನಾ ನಿನ್ನ ಗಂಡ ಅಲ್ಲ. ತಿಳೀತಿಲ್ಲೊ?"

"ಅಯ್ಯ, ಹಂಗಾರ ತಾಳಿ ಯಾರ್ದಂತ ಹೇಳ್ಲಿ?"

"ಅದನ್ನ ಯಾರೂ ಕೇಳಂಗಿಲ್ಲ. ನನ್ನ ಹೆಸರು ಎತ್ತಬ್ಯಾಡ, ಸಾಕು."

"ನಿಮ್ಮ ಹೆಸರ ನಾ ಯಾವತ್ತ ಎತ್ತೇನ್ರಿ?"

ಬಸ್ಸಿನಲ್ಲಿ ಆಕೆ ಮುಂದೆ, ಇವನು ಹಿಂದೆ. "ಆ ಬಾಯಾರು ನಿಮ್ಮ ಮನಿಯವರೇನ್ರಿ?" ಎಂದು ಕಂಡಕ್ಟರ್ ಲಾಲ ಅಹ್ಮದ ಕೇಳಿದ್ದಕ್ಕೆ, "ಛೇ, ನಾ ಮುಖಾನೇ ನೋಡಿಲ್ರಿ" ಎಂದುಬಿಟ್ಟ.

ಬೀದರಿನ ಕಚೇರಿಯಲ್ಲಿ ಧಾರವಾಡದ ಕಡೆಯ ಸಾಹೇಬರು. ಬಾಗಿಲಲ್ಲಿ ಗುಮಾಸ್ತ ಕೇಳಿದ್ದಕ್ಕೆ ದತ್ತಾತ್ರಿ, ತನಗೆ ಮದುವೆಯೇ ಆಗಿಲ್ಲವೆಂದು ಬರೆಸಿದ. ಚಂದ್ರಭಾಗಾ ಪಟಪಟನೆ ಉತ್ತರಿಸುವುದನ್ನು ಪರದೆಯ ಹೊರಗೆ ನಿಂತು ದತ್ತಾತ್ರಿ ಕೇಳುತ್ತಿದ್ದ.

"ಭೇಷ್! ಮುಂದಿನವರು ದತ್ತಾತ್ರಿ ಅಂತ. ಸಾಲ್ಯಾಗ ಹಾಜರಿ ಕರದಂಗ ಹೆಸರು ಹಿಡಿದು ಗಟ್ಟ್ಯಾಗಿ ಕರೀರಿ, ನಿಮ್ಮ ದನಿ ಕೇಳೂಣು" ಎಂದರು ಸಾಹೇಬರು.

ಹೊರಗೆ ದತ್ತಾತ್ರಿ ಪರದೆಗೆ ಕೈ ಹಾಕಿದ. ಬರಿದೇ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದವಳು ಆಕೆ. ಉಳಿದಿದ್ದು ಒಂದೇ ದಾರಿ, ಒಡಪು! (ಮದುವೆಯ ಚಪ್ಪರದಲ್ಲಿ ಹೆಂಗಸರು ಒತ್ತಾಯಮಾಡಿ ಮದುಮಗಳಿಂದ ಗಂಡನ ಹೆಸರನ್ನು ಪ್ರಾಸಕಟ್ಟಿ ಹೇಳಿಸುತ್ತಾರಲ್ಲ, ಅದೇ.) ಇವನು ಪರದೆ ಸರಿಸುವಷ್ಟರಲ್ಲಿ ಆಕೆ ತಲೆಯ ಮೇಲೆ ಸೆರಗೆಳೆದು, ನೆಲ ನೋಡುತ್ತ, ರಾಗವಾಗಿ ಹೇಳಿಯೇಬಿಟ್ಟಳು:

"ಭಾಲ್ಕಿ ಪ್ಯಾಟ್ಯಾಗ ಇಡಿಸ್ಕೊಂಡೇನಿ ಕೈತುಂಬ ಹಸರ ಬಳಿ,
ದತ್ತಾತ್ರಿರಾಯರು ನಿಂತಾರ್ರಿ ಸಾಹೇಬರ ಬಾಗಲ ಬಳಿ!"

ಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ದತ್ತಾತ್ರಿಯನ್ನು ಕಂಡು ಮಾತ್ರ ಹುಬ್ಬು ಗಂಟಿಕ್ಕಿದರು. "ಔರಾದಿನ ಸಾಲಿಗೆ ಹೆಣ್ಮಕ್ಕಳು ಒಬ್ಬರೇ ಹೋಗಂಗಿಲ್ಲಂತ ಗಂಡ ಹೆಂಡ್ತಿ ಜೋಡಿನೇ ಹುಡುಕ್ತಿದ್ದೆ. ಖರೇ ಹೇಳಿದ್ರ ಎರಡೂ ನೌಕರಿ ನಿಮ್ಮವಾ ಆಗ್ತಿದ್ದವು. ಕಟ್ಕೊಂಡ ಹೆಂಡ್ತಿನ್ನೇ ಮುಚ್ಚಿಟ್ಟವರು ಮಕ್ಕಳಿಗೇನು ಕಲಸ್ತೀರಿ? ಬಾಯಾರಿಗೆ ನೌಕರಿ ಆತು. ನೀವೂ ಜೋಡಿಗೆ ಹೋಗ್ರಿ, ಅಡಿಗಿ ಮಾಡ್ಲಿಕ್ಕೆ."

ತಿರುಗಿ ಬರುವಾಗ ಅದೇ ಬಸ್ಸು, ಅದೇ ಲಾಲ ಅಹ್ಮದ. ಸೋತು ಸುಣ್ಣವಾದ ದತ್ತಾತ್ರಿ ಹೆಂಡತಿಯ ಪಕ್ಕ ಕುಳಿತ.

"ಏಳ್ರಿ ಮ್ಯಾಲ! ಹೆಣ್ಮಕ್ಕಳ ಜಾಗಾ ಅದ."

"ನನ್ನ ಹೆಂಡ್ತಿರಿ ಈಕಿ!"

"ಮುಂಜಾನಿ ಮುಖಾನೇ ನೋಡಿಲ್ಲಂದ್ರಿ? ಬಾಯಾರೆ, ಇವರು ನಿಮ್ಮ ಗಂಡ ಏನ್ರಿ?"

ಬಸ್ಸೆಲ್ಲ ಇತ್ತಲೇ ನೋಡಿತು. "ಹೇಳ... ಬೇಕಾದ್ರ ಆ ಒಡಪಾನೇ ಇನ್ನೊಮ್ಮೆ ಹೇಳ!" ಎಂದು ದತ್ತಾತ್ರಿ ಅಂಗಲಾಚಿದ.

ಚಂದ್ರಭಾಗಾ ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿದಳು.

"ಸಂತಪುರ ಇನ್ನಾ ಮುಟ್ಟಿಲ್ರಿ."