ಬೆಂಕಿ ಮುಟ್ಟದ ಒಂದು ಶನಿವಾರ

ಪಕ್ಕದ ಮನೆಗೆ ಗುದ್ದಲಿ ಹಿಂತಿರುಗಿಸಲು ಹೋದ ಪೆಲೆನಾಟೊ ಗಲ್ಲದ ಮೇಲೆ ಹಂದಿಯ ಕೊಬ್ಬು ಹಚ್ಚಿಕೊಂಡು ಬಂದದ್ದೇ ಎಲ್ಲಕ್ಕೂ ಮೂಲ. ರಕ್ತದಲ್ಲಿ ಸಕ್ಕರೆ ಏರಿದೆ, ಹೊಟ್ಟೆ ಇಳಿಸು ಎಂದು ಆಸ್ಪತ್ರೆಯಲ್ಲಿ ಹೇಳಿ ಇನ್ನೂ ವಾರವಾಗಿರಲಿಲ್ಲ.

"ಗುದ್ದಲಿ ಕೊಟ್ಯಾ?" ಎಂದಳು ಹೆಂಡತಿ ಫಿಯಾಸಿಲಿ.

"ಕೊಟ್ಟೆ."

"ಅವರೇನು ಕೊಟ್ರು?"

"ಏನೂ ಇಲ್ವಲ್ಲ."

ಅವಳು ಬೆರಳಿನಿಂದ ಅವನ ಗಲ್ಲ ಒರೆಸಿ, ಆ ಬೆರಳನ್ನು ಅವನ ಕಣ್ಣ ಮುಂದೆ ಹಿಡಿದಳು.

"ಕರೆದ್ರು ಕಣೇ," ಎಂದ ಪೆಲೆನಾಟೊ. "ಕರೆದಾಗ ಹ್ಯಾಗೆ ಬೇಡ ಅನ್ನೋದು?"

ಫಿಯಾಸಿಲಿ ಮಧ್ಯಾಹ್ನದ ಬಸ್ಸಿಗೆ ತವರಿಗೆ ಹೊರಟುಹೋದಳು.

ತಪ್ಪು ಪೂರ್ತಿ ಅವನದಲ್ಲ. ಸವಾಯಿ ದ್ವೀಪದ ನಮ್ಮ ಕರಾವಳಿಯಲ್ಲಿ ಮನೆಗಳಿಗೆ ಗೋಡೆಯಿಲ್ಲ. ಕಂಬಗಳ ನಡುವೆ ಕೂತವರಿಗೆ ದಾರಿ ಕಾಣುತ್ತದೆ, ದಾರಿಯಲ್ಲಿ ಹೋಗುವವರಿಗೆ ತಟ್ಟೆ ಕಾಣುತ್ತದೆ. ಕಂಡವರನ್ನು ಊಟಕ್ಕೆ ಕರೆಯುವುದು ನಮಸ್ಕಾರ ಮಾಡಿದ ಹಾಗೆ. ಉಳಿದವರು ನಕ್ಕು, ಒಳ್ಳೆಯ ಮಾತಾಡಿ ಮುಂದೆ ಹೋಗುತ್ತಾರೆ. ಪೆಲೆನಾಟೊ ಒಳಗೆ ಹೋಗುತ್ತಾನೆ. ಹಡಗುಕಟ್ಟೆಯಲ್ಲಿ ನಿಂತು, ಹಡಗಿನಿಂದ ಎಸೆದ ಹಗ್ಗ ಹಿಡಿದು ಬಿಗಿಯುವುದು ಅವನ ಕೆಲಸ. ತನ್ನತ್ತ ಎಸೆದದ್ದನ್ನು ಹಿಡಿಯದೆ ಬಿಡುವುದು ಆ ಕೈಗಳಿಗೆ ಗೊತ್ತಿರಲಿಲ್ಲ.

ಮೂರನೆಯ ದಿನ ಅವಳ ಫೋನು ಬಂತು.

"ಶನಿವಾರ ನಮ್ಮಮ್ಮನ ಮನೆಗೆ ನಡ್ಕೊಂಡು ಬಾ. ದಾರೀಲಿ ಬೆಂಕಿ ಮುಟ್ಟಿದ್ದು ಒಂದು ತುತ್ತೂ ಬಾಯಿಗೆ ಹೋಗಬಾರದು. ಬರೀ ಹಸೀದು."

"ಹಸೀದೇ ಯಾಕೆ?"

"ಜನ ಕರೆದು ಕೊಡೋದೆಲ್ಲ ಬೆಂದದ್ದೇ ಅಲ್ವಾ? ಹಸೀದು ಅಂದ್ರೆ ನೀನು ಕೈ ಒಡ್ಡೋ ಹಾಗೇ ಇಲ್ಲ. ಒಂದೇ ದಿನ ಬೇಡ ಅಂದು ತೋರಿಸು. ಆಮೇಲೆ ನಾನೇ ಬಂದು ಅಳತೆಯಾಗಿ ಬೇಯಿಸಿ ಹಾಕ್ತೀನಿ. ಆಗಲ್ಲ ಅಂದ್ರೆ ಆ ಗುದ್ದಲಿ ಕೊಟ್ಟ ಪಕ್ಕದ ಮನೆಯವರ ಜೊತೆಗೇ ಇದ್ದುಬಿಡು."

ಶನಿವಾರ ಬೆಳಕು ಹರಿಯುವಾಗಲೇ ಪೆಲೆನಾಟೊ ಪರಂಗಿ, ಬಾಳೆ, ಎಳನೀರುಕಾಯಿ ತುಂಬಿದ ತೆಂಗಿನಗರಿಯ ಬುಟ್ಟಿ ಹೊತ್ತು ಹೊರಟ. ಹಸಿವು ಎರಡನೆಯ ಊರಿನಲ್ಲಿ ಎದುರಾಯಿತು. ಪರಂಗಿ ಸೀಳಿ, ಕಚ್ಚುತ್ತ ನಡೆದ.

"ಯಾರೋ ಅದು, ದಾರೀಲಿ ತಿಂತಾ ಹೋಗೋನು!" ಗುಡುಗಿದವರು ಆ ಊರಿನ ಯಜಮಾನ ತುಯಿವಾಲು. "ಕೂತು ತಿನ್ನೋದು ನಿಮ್ಮಮ್ಮ ಕಲಿಸಲಿಲ್ವಾ?"

ನಡೆಯುತ್ತ ತಿನ್ನುವುದು ನಮ್ಮಲ್ಲಿ ಊರಿಗೇ ಮಾಡಿದ ಅವಮಾನ. ಅವಸರದಲ್ಲಿ ಪೆಲೆನಾಟೊ ಅದನ್ನು ಮರೆತಿದ್ದ.

"ತಪ್ಪಾಯ್ತು ಯಜಮಾನ್ರೇ."

"ಓ, ನೀನಾ! ಬಾ ಬಾ, ಕೂತ್ಕೋ. ಏಯ್, ಇವನಿಗೆ ಇಬ್ಬರ ಪಾಲು ತನ್ನಿ!"

ಚಾಪೆಯ ಮೇಲೆ ಕೂತವನ ಮುಂದೆ ಕೆಸುವಿನ ಗೆಡ್ಡೆ, ತೆಂಗಿನಹಾಲಿನಲ್ಲಿ ಬೆಂದ ಎಲೆಗಂಟು, ಒಂದು ಹಂದಿತೊಡೆ ಬಂದು ಕೂತವು. ಬಿಸಿಗಾಳಿ ಮೇಲಕ್ಕೇರುತ್ತದೆಂದು ಶಾಲೆಯಲ್ಲಿ ಕಲಿಸುತ್ತಾರೆ. ಆ ತಟ್ಟೆಯ ಆವಿ ಅಡ್ಡಡ್ಡ ಹರಿದು ನೇರ ಅವನ ಮೂಗಿಗೇ ಬಂತು.

"ಬೇಡ," ಎಂದ ಪೆಲೆನಾಟೊ. ಬದುಕಿನಲ್ಲಿ ಮೊದಲ ಸಲ ಹೇಳಿದ್ದರಿಂದ ಅದು ಹೊಸಬ ಊದಿದ ಶಂಖದಂತೆ ಬೇಕಾದ್ದಕ್ಕಿಂತ ಜೋರಾಗಿ ಹೊರಬಿತ್ತು.

ಕಂಬದ ಪಕ್ಕದ ಬೆಕ್ಕು ಕೂಡ ತಿರುಗಿ ನೋಡಿತು.

"ಎಲ್ಲರ ಮನೇಲೂ ಉಣ್ತೀಯ. ಸಾವಿನ ಮನೇಲಿ ಎರಡೆರಡು ಸಲ ಉಣ್ತೀಯ. ನಮ್ಮನೆ ತಟ್ಟೆಗೇನಾಗಿದೆ?"

"ತಟ್ಟೆಗೇನಿಲ್ಲ ಯಜಮಾನ್ರೇ. ಇವತ್ತು ಹಸೀದು ಮಾತ್ರ..."

"ನಮ್ಮನೇಲಿ ಹಸೀದು ತಿನ್ನೋದು ಹಂದಿ. ಅದರ ಪಾಲಿಗೆ ಯಾಕಪ್ಪ ಬರ್ತೀಯ?"

ಹೆಂಡತಿ ಬಿಟ್ಟುಹೋದಳೆಂದು ಹೇಳಿಕೊಳ್ಳಲು ನಾಲಿಗೆ ಏಳಲಿಲ್ಲ. ತಲೆ ತಗ್ಗಿಸಿ ಎದ್ದು ಬಂದ. ದಾರಿಗಿಳಿದ ಮೇಲೆ ತನ್ನ ಸ್ಥಿತಿ ಅವನಿಗೆ ಸ್ಪಷ್ಟವಾಯಿತು: ನಡೆಯುತ್ತ ತಿಂದರೆ ತಪ್ಪು, ಕೂತು ತಿನ್ನಲು ನೆರಳು ಬೇಕು, ನೆರಳೆಲ್ಲ ಯಾರದೋ ಮನೆಯದು. ಅದಕ್ಕಿಂತ ದೊಡ್ಡ ಕಷ್ಟವೆಂದರೆ, ಬೇರೆ ಯಾರಾದರೂ ಬೇಡ ಎಂದರೆ ಅದು ಬರೀ ಬೇಡ. ಎಂದೂ ಬೇಡ ಎನ್ನದವನು ಬೇಡ ಎಂದರೆ ಆ ಅಡುಗೆಗೆ ಏನೋ ಆಗಿದೆ ಎಂದೇ ಅರ್ಥ.

ಮುಂದಿನ ಊರಿಗೆ ಅವನಿಗಿಂತ ಮೊದಲೇ ಫೋನಿನಲ್ಲಿ ಸುದ್ದಿ ಮುಟ್ಟಿತ್ತು. ಓಫಿಸಾ ಎಂಬ ಮುದುಕಿ ಸೊಂಟಕ್ಕೆ ಕೈಯಿಟ್ಟು ದಾರಿಯಲ್ಲೇ ನಿಂತಿದ್ದಳು.

"ಬೆಂದದ್ದು ಸೇರಲ್ಲವಂತೆ ದೊರೆಗೆ? ತಗೋ." ಸುಲಿದ ಹಸಿ ಕೆಸುಗೆಡ್ಡೆಯೊಂದನ್ನು ಅವನ ಕೈಗಿಟ್ಟಳು. "ಇದೂ ಬೇಡ ಅನ್ನು, ನೋಡ್ತೀನಿ."

"ಅಜ್ಜೀ, ಇದು ಹಸಿ ತಿನ್ನೋದಲ್ಲ..."

"ಅಂದ್ರೆ ಬೇಡ ಅಂತೀಯಾ?"

ಒಂದೇ ಬೆಳಗ್ಗೆ ಎರಡು ಸಲ ಬೇಡ ಎನ್ನುವಷ್ಟು ಗಟ್ಟಿಯಾಗಿರಲಿಲ್ಲ ಪೆಲೆನಾಟೊ. ಕಚ್ಚಿದ. ಹಸಿ ಕೆಸುವಿನೊಳಗೆ ಕಣ್ಣಿಗೆ ಕಾಣದ ಸೂಜಿಹರಳುಗಳಿರುತ್ತವೆ. ಬೇಯಿಸಿದರಷ್ಟೇ ಅವುಗಳ ಕಾಟ ಅಡಗುತ್ತದೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ತುಟಿ ಊದಿ ಬದನೆಕಾಯಿಯಾಯಿತು, ನಾಲಿಗೆ ಬಾಯಿಯೊಳಗೆ ಯಾರೋ ಮರೆತುಹೋದ ಚಪ್ಪಲಿಯಾಯಿತು.

ಆ ಹೊತ್ತಿಗೇ ಪಾದ್ರಿಗಳ ಮನೆಯ ಕಂಬಗಳ ನಡುವಿಂದ ಅವರ ಹೆಂಡತಿ ಮೃದುವಾಗಿ ಕರೆದರು. "ಬಾಪ್ಪಾ, ದಣಿದಿದ್ದೀಯ. ಒಂದು ತುತ್ತು ಉಂಡು ಹೋಗು."

ವಿನಯವಾಗಿ ಬೇಡವೆನ್ನಲು ಹೋದರೆ ಗಂಟಲಿನಿಂದ ಹೋರಿಯ ಸದ್ದು ಬಂತು. ಗಾಬರಿಯಿಂದ ಎರಡೂ ಕೈ ಬೀಸಿ ಓಡಿದ. ನೊಣ ಓಡಿಸುವಂತೆ ಪಾದ್ರಿಗಳ ಮನೆಗೇ ಕೈ ಬೀಸಿದ ಎಂಬ ಸುದ್ದಿ ಅವನಿಗಿಂತ ವೇಗವಾಗಿ ಓಡಿತು.

ಇನ್ನು ಊರುಗಳ ಸಹವಾಸ ಬೇಡವೆಂದು ರಸ್ತೆ ಬಿಟ್ಟು ಕಡಲಿಗಿಳಿದ. ಇಳಿತದ ಹೊತ್ತು, ಮೊಣಕಾಲಿನವರೆಗೆ ನೀರು. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದವನನ್ನು ಚಿಪ್ಪು ಆಯುತ್ತಿದ್ದ ಇಬ್ಬರು ಹೆಂಗಸರು ನೋಡಿದರು.

"ಏನಾಯ್ತು ಮಾರಾಯ, ಜೇನು ಕಚ್ಚಿತಾ?"

"ಓಫಿಸಾ," ಎಂದು ಹೇಗೋ ಉಸುರಿದ.

"ಅಯ್ಯೋ, ಅದು ಜೇನಿಗಿಂತ ಜೋರು!" ಹೆಂಗಸರು ನಗುತ್ತ ದ್ರಾಕ್ಷಿಗೊಂಚಲಿನಂಥ ಕಡಲಪಾಚಿಯನ್ನೂ ಲಿಂಬೆ ಹಿಂಡಿದ ಹಸಿ ಮೀನನ್ನೂ ಎಲೆಯಲ್ಲಿ ಕೊಟ್ಟರು. "ನಡೀತಾನೇ ತಿನ್ನು. ನೀರಿನೊಳಗೆ ಯಾವ ಯಜಮಾನನೂ ಇಲ್ಲ."

ಆಮೇಲಿನ ದಾರಿ ಬೇರೆಯೇ ಆಗಿತ್ತು. ಒಂದು ಪಕ್ಕ ಹವಳದ ದಿಬ್ಬದ ಮೊರೆತ, ಇನ್ನೊಂದು ಪಕ್ಕ ತೆಂಗಿನ ಸಾಲಿನ ಹಿಂದೆ ತೆಳ್ಳಗೆ ಏಳುವ ಅಡುಗೆಯ ಹೊಗೆ. ಪಾಚಿಯ ಸಣ್ಣ ಗುಳ್ಳೆಗಳು ಹಲ್ಲಿನ ನಡುವೆ ಒಡೆದು ತಣ್ಣಗಾದವು. ತಾನು ಇಷ್ಟು ವರ್ಷ ತಿಂದದ್ದು ಹಸಿವಿಗಲ್ಲ ಎಂದು ಪೆಲೆನಾಟೊನಿಗೆ ಹೊಳೆದದ್ದು ಅಲ್ಲಿ. ಕರೆದವರ ಮುಖ ಬಾಡೀತೆಂಬ ಭಯಕ್ಕೆ ತಿಂದಿದ್ದ. ಮತ್ತು, ಒಂದು ದಿನ ಯಾರೂ ಕರೆಯದೆ ಹೋದರೆ ಎಂಬ ಭಯಕ್ಕೆ. ಇವತ್ತು ಬೇಡ ಅಂದ, ಮುಖಗಳು ಬಾಡಿದವು, ಆದರೂ ಕಡಲು ತನ್ನ ಜಾಗದಲ್ಲೇ ಇತ್ತು. ಅಳತೆಯಾಗಿ ಉಣ್ಣುವುದು ಕಷ್ಟವಾಗಲಾರದು. ಸಂಜೆಯ ಹೊತ್ತಿಗೆ ತುಟಿಯ ಊತ ಇಳಿದಿತ್ತು, ಅವನ ನಡಿಗೆ ಪಂದ್ಯ ಗೆದ್ದ ದೋಣಿಯವನ ಹಾಗಿತ್ತು.

ಅತ್ತೆ ತಲೋಸಿಯಾ ಒಬ್ಬಳೇ ಚಾಪೆಯ ಮೇಲಿದ್ದಳು.

"ಬಂದೆ ಅತ್ತೆ. ಒಂದು ತುತ್ತೂ ಬೆಂದದ್ದು ಮುಟ್ಟಿಲ್ಲ. ಫಿಯಾಸಿಲಿ ಎಲ್ಲಿ?"

"ನಿನ್ನನ್ನೇ ಹುಡುಕ್ಕೊಂಡು ಅಣ್ಣನ ಪಿಕಪ್ಪಿನಲ್ಲಿ ಹೋದಳಲ್ಲಪ್ಪ! ದಾರೀಲಿ ಸಿಗಲಿಲ್ವಾ?"

ಅಷ್ಟರಲ್ಲಿ ಗಾಡಿ ಬಂತು. ಫಿಯಾಸಿಲಿ ಒಮ್ಮೆಗೇ ಇಳಿಯಲಿಲ್ಲ. ಭರ್ತಿ ಸರಕಿನ ಹಡಗು ಕಟ್ಟೆಗೆ ತಾಗುವಂತೆ ನಿಧಾನವಾಗಿ, ಬಾಗಿಲು ಹಿಡಿದು ಇಳಿದಳು. ಚಾಪೆಯ ಮೇಲೆ ಕೂತು, ಕಂಬಕ್ಕೆ ಒರಗಿ, ಕಣ್ಣು ಮುಚ್ಚಿದಳು.

"ನಾನು ಬೇಡ ಅಂದೆ ಕಣೇ! ಎಲ್ಲರಿಗೂ!" ಎಂದ ಪೆಲೆನಾಟೊ.

"ಗೊತ್ತಾಯ್ತು. ಇಡೀ ಕರಾವಳಿ ಫೋನ್ ಮಾಡಿ ಹೇಳ್ತು. ಯಜಮಾನರ ಮನೆ, ಓಫಿಸಾ ಮನೆ, ಪಾದ್ರಿಗಳ ಮನೆ, ಎಲ್ಲಾ ಕಡೆ ಹೋಗಿ ಕ್ಷಮೆ ಕೇಳ್ದೆ. ಬರೀ ಬಾಯಲ್ಲಿ ಕೇಳಿದ್ರೆ ಒಪ್ತಾರಾ? ನಿನಗೆ ಅಂತ ಇಟ್ಟಿದ್ದ ತಟ್ಟೇನೆಲ್ಲ ನನ್ನ ಮುಂದೆ ಇಟ್ರು. ಇಬ್ಬರ ಪಾಲು, ಪೆಲೆ. ಮನೆಮನೇಲೂ ಇಬ್ಬರ ಪಾಲು."

"ಅಯ್ಯೋ. ಅವರಿಗೆ ಸಮಾಧಾನ ಆಯ್ತಾ?"

"ನಾನು ಅಷ್ಟೂ ಉಂಡ್ರೂ ಆಗಲಿಲ್ಲ. ಕಾರಣ ಬೇಕು ಅಂದ್ರು. ಹೆಂಡತಿ ಪಂದ್ಯ ಕಟ್ಟಿದಳು ಅಂತ ಹೇಳೋಕಾಗತ್ತಾ? ದೇವರ ಮುಂದೆ ಹರಕೆ ಹೊತ್ತಿದ್ದಾನೆ, ಬೆಂದದ್ದು ಮುಟ್ಟಲ್ಲ ಅಂದೆ. ಪಾದ್ರಿಗಳು ಕಣ್ಣೀರು ಹಾಕ್ಕೊಂಡ್ರು."

"ಒಳ್ಳೇದಾಯ್ತಲ್ಲ!"

"ಎಷ್ಟು ದಿನದ ಹರಕೆ ಅಂತ ಕೇಳಿದ್ರು." ಫಿಯಾಸಿಲಿ ಕಣ್ಣು ತೆರೆಯಲಿಲ್ಲ. "ಒಂದು ದಿನದ್ದು ಅಂದ್ರೆ ಯಾರು ನಂಬ್ತಾರೆ, ನೀನೇ ಹೇಳು. ಬದುಕಿರೋವರೆಗೂ ಅಂದುಬಿಟ್ಟೆ. ನಾಳೆ ಚರ್ಚಿನಲ್ಲಿ ಓದಿ ಹೇಳ್ತಾರಂತೆ."

ಆಗ ಅತ್ತೆಯ ಪಕ್ಕದ ಮನೆಯಾತ ಕೆಂಡದಲ್ಲಿ ಸುಟ್ಟ ಜೀಗುಜ್ಜೆ ಹಿಡಿದು ಅಂಗಳ ದಾಟುತ್ತಿದ್ದ. "ಬಾ..." ಎಂದು ಕರೆಯಲು ಹೊರಟವನು ಪೆಲೆನಾಟೊನ ಗುರುತು ಹಿಡಿದು ಥಟ್ಟನೆ ನಿಂತ, ಭಕ್ತಿಯಿಂದ ತಲೆ ಬಾಗಿಸಿ, ಹೊಗೆಯಾಡುವ ಹಣ್ಣನ್ನು ಬೆನ್ನ ಹಿಂದೆ ಮರೆಮಾಡಿಕೊಂಡು, ಹಿಮ್ಮುಖವಾಗಿಯೇ ನಡೆದುಹೋದ.