ಮನೆ ಅಳಿಯನ ಉಮೇದುವಾರಿಕೆ

ಒಬ್ಬ ಮನುಷ್ಯ ಒಂದು ಊರಿನವನಾಗಲು ಎಷ್ಟು ವರ್ಷ ಬೇಕು ಎಂಬ ಪ್ರಶ್ನೆಯನ್ನು ಬಗೆಹರಿಸಲಾಗದೆ ದೊಡ್ಡ ದೊಡ್ಡ ದೇಶಗಳೇ ಒದ್ದಾಡುತ್ತಿವೆ. ಟಿ.ವಿ.ಯಲ್ಲಿ ದಿನಾ ನೋಡುತ್ತೇನೆ. ಬೇಲಿ ಹಾಕುವವರು, ಬೇಲಿ ಹಾರುವವರು, ಬೇಲಿಗೆ ಒರಗಿ ಚರ್ಚೆ ಮಾಡುವವರು. ಅವರೆಲ್ಲರಿಗಿಂತ ಈ ವಿಷಯದಲ್ಲಿ ನನಗೆ ಅನುಭವ ಹೆಚ್ಚು ಎಂದರೆ ದಯವಿಟ್ಟು ನಗಬೇಡಿ. ನಾನು ಮನೆ ಅಳಿಯ. ಮುದ್ದೇಬಿಹಾಳದಲ್ಲಿ ಹುಟ್ಟಿ, ಇಂಡಿ ಪಟ್ಟಣದ ಸುಮಿತ್ರಾಳನ್ನು ಮದುವೆಯಾಗಿ, ಅವಳು ಒಬ್ಬಳೇ ಮಗಳೆಂಬ ಕಾರಣಕ್ಕೆ ಒಂದು ಟ್ರಂಕು ಹೊತ್ತುಕೊಂಡು ಇಂಡಿಗೆ ಬಂದವನು. ಬಂದು ಇಪ್ಪತ್ತು ವರ್ಷದ ಮೇಲಾಯಿತು. ಇಲ್ಲಿಯೇ ಪೆಂಡಾಲು ಮತ್ತು ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿ ಇಟ್ಟೆ. ಊರಿನ ಅರ್ಧ ಮದುವೆಗಳಿಗೆ ನೆರಳು ಕೊಟ್ಟವನು ನಾನು, ಇಡೀ ಊರಿನ ಕಿವಿ ಕೆಡಿಸಿದವನೂ ನಾನೇ. ಇಷ್ಟಾದರೂ ನಾನು ಯಾರೆಂದು ಕೇಳಿ ನೋಡಿ, "ಅವರೇನ್ರಿ? ಮುದ್ದೇಬಿಹಾಳದ ಅಳೇಂದ್ರು" ಎಂಬ ಉತ್ತರ ಬರುತ್ತದೆ.

ಮನೆಯಲ್ಲೂ ಇದೇ ಪಾಡು. ನಮ್ಮ ಅತ್ತೆಯವರು ಒಳ್ಳೆಯವರು, ಒಳ್ಳೆಯತನವೇ ನನ್ನ ಕಷ್ಟಕ್ಕೆ ಮೂಲ. ನನಗೆ ಯಾವಾಗಲೂ ಹೆಂಚಿನಿಂದ ಇಳಿದ ಬಿಸಿ ರೊಟ್ಟಿ, ಹೆತ್ತ ಮಗಳಿಗೆ ನಿನ್ನೆಯ ಒಣಗಿದ ಕಟಕಲು ರೊಟ್ಟಿ. ಮನೆಯಲ್ಲಿ ಎಣ್ಣೆ ಮುಗಿದ ಸುದ್ದಿಯನ್ನು ಸಹ ನನ್ನಿಂದ ಮುಚ್ಚಿಡುತ್ತಾರೆ, ಬೀಗರ ಮುಂದೆ ಮರ್ಯಾದೆ ಹೋಗಬಾರದಲ್ಲ. ಒಮ್ಮೆ ನಾನೂ ಈ ಮನೆಯವನೇ ಎಂದು ತೋರಿಸಲು ಧೋತರ ಎತ್ತಿ ಕಟ್ಟಿ ನೀರಿನ ಟಾಕಿ ತೊಳೆಯಲು ಇಳಿದೆ. ಅತ್ತೆ ಅಂಗಳಕ್ಕೆ ಬಂದು ಹಣೆ ಹಣೆ ಬಡಿದುಕೊಂಡರು. "ಅಯ್ಯ ನಮ್ಮವ್ವ, ಅಳೇಂದ್ರ ಕೈಲೆ ಟಾಕಿ ತೊಳಸ್ಯಾರಂತ ಮಂದಿ ಆಡಕೋತಾರ, ಮ್ಯಾಲ ಬರ್ರಿ ಮೊದಲ!" ಎಂದರು. ಮೊಣಕಾಲ ತನಕ ನೀರಿನಲ್ಲಿ ನಿಂತಿದ್ದ ನನ್ನನ್ನು ಓಣಿಯವರೆಲ್ಲ ಇಣುಕಿ ನೋಡಿದರು. ನಾನು ಮೇಲೆ ಬಂದು ಕಾಲೊರೆಸಿಕೊಂಡು ಬಿಸಿ ಚಹಾ ಕುಡಿದೆ.

ಪಂಚಮಿ ಹಬ್ಬದ ಕಥೆಯನ್ನಂತೂ ಯಾರಿಗೂ ಹೇಳಬಾರದೆಂದಿದ್ದೆ, ನಿಮಗೆ ಹೇಳುತ್ತೇನೆ. ನಮ್ಮ ಕಡೆ ನಾಗರಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳನ್ನು ಅಣ್ಣತಮ್ಮಂದಿರು ಬಂದು ತವರಿಗೆ ಕರೆದೊಯ್ಯುತ್ತಾರೆ. ನನ್ನ ಹೆಂಡತಿ ವರ್ಷವಿಡೀ ತವರಿನಲ್ಲೇ ಇರುವವಳು, ಅವಳೆಲ್ಲಿಗೆ ಹೋಗಬೇಕು? ಆದ್ದರಿಂದ ನಮ್ಮ ಮನೆಯಿಂದ ಪಂಚಮಿಗೆ ತವರಿಗೆ ಹೋಗುವವನು ನಾನು. ಮುದ್ದೇಬಿಹಾಳದಿಂದ ನಮ್ಮ ಅಣ್ಣ ಬಸ್ಸು ಹತ್ತಿ ಕರೆಯಲು ಬರುತ್ತಾನೆ. ಅತ್ತೆ ಶೇಂಗಾ ಉಂಡಿ, ಎಳ್ಳುಂಡಿಗಳ ಡಬ್ಬಿ ಕಟ್ಟಿ ಕೈಗೆ ಕೊಡುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಅಂಥದೇ ಡಬ್ಬಿ ಹಿಡಿದು ನಿಂತ ಹೆಣ್ಣುಮಕ್ಕಳು ನಮ್ಮಿಬ್ಬರನ್ನು ನೋಡಿ ಬಾಯಿಗೆ ಸೆರಗು ಹಿಡಿಯುತ್ತಾರೆ.

ಇದೆಲ್ಲವನ್ನೂ ನುಂಗಿಕೊಂಡಿದ್ದೆ. ನುಂಗಲಾಗದ್ದು ನಡೆದದ್ದು ಓಣಿಯ ಸಭೆಯಲ್ಲಿ. ಗಟಾರು ಒಡೆದು ನೀರು ನಮ್ಮ ಅಂಗಡಿಯೊಳಗೇ ನುಗ್ಗುತ್ತಿತ್ತು, ಎದ್ದು ನಿಂತು ಮಾತಾಡಿದೆ. ಪುರಸಭೆಯ ನಮ್ಮ ವಾರ್ಡಿನ ಸದಸ್ಯ ಮಲ್ಲಪ್ಪ ಬಾಗೇವಾಡಿ ನನ್ನ ಹೆಗಲ ಮೇಲೆ ಕೈ ಇಟ್ಟು, ಬಹಳ ಪ್ರೀತಿಯಿಂದ, "ಇದು ಊರ ಮಂದಿ ಮಾತೈತ್ರಿ. ನೀವು ಬೀಗರು, ಆರಾಮ ಕುಂತು ಚಾ ಕುಡೀರಿ" ಎಂದ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಎಲ್ಲರಿಗೂ ಅದು ಸರಿಯಾದ ಮಾತಾಗಿಯೇ ಕಂಡಿತ್ತು. ನನಗೆ ಬಂದ ಸಿಟ್ಟು ಗಟಾರಿನ ಬಗೆಗಿನದಲ್ಲ. ಸಾಯುವುದರೊಳಗೆ ಒಮ್ಮೆಯಾದರೂ ಈ ಊರಿನ ಬಾಯಿಂದ "ಇಂವ ನಮ್ಮಾಂವ" ಅನ್ನಿಸಿಕೊಳ್ಳಬೇಕು ಎನ್ನಿಸಿತು. ಪುರಸಭೆ ಚುನಾವಣೆ ಬಂದಾಗ ಯಾವ ಪಕ್ಷವನ್ನೂ ಕೇಳದೆ ಪಕ್ಷೇತರನಾಗಿ ನಾಮಪತ್ರ ಹಾಕಿದೆ.

ಪಕ್ಷೇತರರಿಗೆ ಉಳಿದ ಚಿಹ್ನೆಗಳಲ್ಲಿ ಒಂದು ಸಿಗುತ್ತದೆ. ನನಗೆ ಸಿಕ್ಕಿದ್ದು ಸೂಟ್‌ಕೇಸು. ಹೊರಗಿನವನೆಂಬ ಅಪವಾದ ಹೊತ್ತು ನಿಂತವನಿಗೆ ಸೂಟ್‌ಕೇಸು! ಮಲ್ಲಪ್ಪನಿಗೆ ಹಬ್ಬವಾಯಿತು. "ನೋಡ್ರಿ, ಈ ಉಮೇದುವಾರ ಗಂಟುಮೂಟಿ ಕಟಗೊಂಡss ನಿಂತಾನ. ಸೋತ್ರ ಬಸ್ ಹತ್ತಾಕ ಸಲೀಸು" ಎಂದು ಮೊದಲ ಸಭೆಯಲ್ಲೇ ಭಾಷಣ ಮಾಡಿದ. ಹೇಳಲು ನಾಚಿಕೆ, ಆ ಸಭೆಯ ಮೈಕು ನನ್ನ ಅಂಗಡಿಯದೇ. ವ್ಯಾಪಾರ ವ್ಯಾಪಾರವೇ. ನಡುವೆ ಹಾರ್ನು ಗೊರಗೊರ ಎಂದಾಗ ಅಂಗಡಿಗೆ ಕೆಟ್ಟ ಹೆಸರು ಬರಬಾರದೆಂದು ನಾನೇ ಓಡಿಹೋಗಿ ವೈರು ಬಿಗಿ ಮಾಡಿದೆ. ಆಮೇಲೆ ನನ್ನನ್ನು ಊರು ಬಿಡಿಸುವ ಮಾತು ಮೂರು ಓಣಿ ದಾಟಿ ಸ್ವಚ್ಛವಾಗಿ ಕೇಳಿಸಿತು.

ಮರುದಿನ ನನ್ನ ಸರದಿ. ನನ್ನ ಪ್ರಣಾಳಿಕೆಯಲ್ಲಿ ಇದ್ದದ್ದು ಒಂದೇ ವಿಷಯ, ವಲಸೆ ಸುಧಾರಣೆ. ಈ ಊರಿನ ಒಂದು ಬೇಸಿಗೆಯಲ್ಲಿ ಕೊಡ ಹಿಡಿದು ನಲ್ಲಿಯ ಮುಂದೆ ಪಾಳಿ ಹಚ್ಚಿದವರೆಲ್ಲ ಈ ಊರಿನವರೇ, ಅವರ ಮುತ್ತಜ್ಜನ ಊರು ಯಾವುದೆಂದು ಯಾರೂ ಕೇಳಬಾರದು, ಇಷ್ಟೇ. ವಾದಕ್ಕೆ ಬಲ ಬರಲೆಂದು ಇತಿಹಾಸಕ್ಕೂ, ಪಕ್ಕದ ಊರಿನ ಸಾವಿರ ವರ್ಷ ಹಳೆಯ ವಿದ್ಯಾಪೀಠಕ್ಕೂ ಕೈ ಹಾಕಿದೆ. "ನಮ್ಮ ಸಾಲೋಟಗಿ ಶಾಸನದಾಗ ಏನು ಬರದೈತಿ? ಆ ಕಾಲಕ್ಕss ಬ್ಯಾರೆ ಬ್ಯಾರೆ ನಾಡಿನ ಮಂದಿ ಅಲ್ಲಿಗೆ ಬಂದು ಇದ್ದು ಓದತಿದ್ರು!" ಎಂದು ಕೂಗಿದೆ. ಹಿಂದಿನಿಂದ ಒಂದು ದನಿ, "ಅವರು ಓದಿ ಹೊಳ್ಳಿ ಹೋದ್ರಲ್ರಿ. ನೀವು ಹೋಗವಲ್ಲಿರಿ!" ಎಂದಿತು.

ಆ ಮಾತಿಗೆ ಬಿದ್ದ ಚಪ್ಪಾಳೆ ನಿಲ್ಲುವ ಮೊದಲೇ ನನಗೊಂದು ಉಪಾಯ ಹೊಳೆಯಿತು. ನಮ್ಮ ಭಾಗದಲ್ಲಿ ಬಹಳ ಜನರ ಅಡ್ಡಹೆಸರು ಒಂದು ಊರಿನ ಹೆಸರೇ ಆಗಿರುತ್ತದೆ. ಆದರೆ ಆ ಹೆಸರು ಆ ಊರಿನಲ್ಲಿ ಇರುವತನಕ ಯಾರಿಗೂ ಅಂಟುವುದಿಲ್ಲ. ಬಸವನ ಬಾಗೇವಾಡಿಯಲ್ಲಿ ಎಲ್ಲರೂ ಬಾಗೇವಾಡಿಯವರೇ ಆದ್ದರಿಂದ ಯಾರನ್ನೂ ಬಾಗೇವಾಡಿ ಎಂದು ಕರೆಯುವ ಅಗತ್ಯವಿಲ್ಲ. ಊರು ಬಿಟ್ಟು ಬಂದವನನ್ನು ಮಾತ್ರ ಬಂದಲ್ಲಿಯ ಜನ ಹಾಗೆ ಕರೆಯುತ್ತಾರೆ. ನಾನು ಮೈಕಿನಲ್ಲಿ ಕೇಳಿದೆ, "ನಮ್ಮ ಮಲ್ಲಪ್ಪನವರ ಅಡ್ಡಹೆಸರು ಏನ್ರಿ?" ಜನ "ಬಾಗೇವಾಡಿ!" ಎಂದರು. "ಮತ್ತ ಅವರ ಮುತ್ಯಾ ಎಲ್ಲಿಂದ ಬಂದ?" ಎಂದೆ. ಸಭೆ ಹೊಟ್ಟೆ ಹಿಡಿದು ನಕ್ಕಿತು. ನಗುವವರಲ್ಲಿ ಅರ್ಧ ಜನ ತಮ್ಮ ತಮ್ಮ ಅಡ್ಡಹೆಸರು ನೆನೆದು ನಡುವೆಯೇ ನಗು ನಿಲ್ಲಿಸಿದ್ದನ್ನೂ ನಾನು ನೋಡಿದೆ.

ಮನೆ ಮನೆಗೆ ಹೋದಾಗ ನನ್ನ ಭರವಸೆಯೆಲ್ಲ ಓಣಿಯ ಸೊಸೆಯಂದಿರ ಮೇಲಿತ್ತು. ಅವರಲ್ಲಿ ಹಿರಿಯಳು ಗಂಗವ್ವ. ಮಸೂತಿ ಎಂಬ ಹಳ್ಳಿಯಿಂದ ಮದುವೆಯಾಗಿ ಬಂದವಳಾದ್ದರಿಂದ ಅವಳ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರ ಬಾಯಲ್ಲೂ ಮಸೂತಿಯಾಕಿ. ನಾನು ಕೈಮುಗಿದು, "ಯವ್ವಾ, ನೀವೂ ಹೊರಗಿನವರು, ನಾನೂ ಹೊರಗಿನವ" ಎಂದು ಶುರು ಮಾಡಿದೆ. ಕಟ್ಟೆಯ ಮೇಲೆ ನಿಂಬೆಹಣ್ಣು ಆರಿಸುತ್ತಿದ್ದ ಅವಳು ತಲೆ ಎತ್ತಲಿಲ್ಲ. "ತಮ್ಮಾ, ನಾ ಬಂದು ನಲವತ್ತ ವರ್ಸ ಆತು. ಆರು ಮಕ್ಕಳ್ನ ಹಡದೇನಿ, ಅತ್ತಿ ಮಾವನ್ನ ಮಣ್ಣ ಮಾಡೇನಿ. ಇನ್ನೂ ಮಸೂತಿಯಾಕಿ ಅಂತಾರ. ಪಾಳಿ ಭಾಳ ದೊಡ್ಡದೈತಿ, ನೀ ನನ್ನ ಹಿಂದ ನಿಂದರು" ಎಂದಳು.

ಹಾಗೆಂದವಳೇ ಮರುದಿನ ಸೆರಗು ಸಿಕ್ಕಿಸಿಕೊಂಡು ನನ್ನ ಜೊತೆ ಪ್ರಚಾರಕ್ಕೆ ಹೊರಟಳು. ಹಿಂದೆ ಲಚ್ಯಾಣದಾಕಿ, ಸಾಲೋಟಗಿಯಾಕಿ, ನೆರೆಯ ಓಣಿಗಳ ಇನ್ನೂ ಅನೇಕ ಊರುಗಳಾಕಿಯರು. ಉತ್ತರದ ಯಾವುದೋ ರಾಜ್ಯದಿಂದ ಬಂದು ವರ್ಷಗಟ್ಟಲೆ ನಮ್ಮ ಮೂಲೆಯಲ್ಲಿ ಪಾನಿಪುರಿ ಗಾಡಿ ನಿಲ್ಲಿಸಿಕೊಂಡಿದ್ದವನು ನಮಗೆಲ್ಲ ಪುಕ್ಕಟೆ ಪ್ಲೇಟು ಕೊಟ್ಟು, "ಜೀತೋ ಸಾಹೇಬ್, ಇದು ನಮ್ದೂ ಊರು ಮಾಡಿ" ಎಂದ. ಇಂಥ ವಿಷಯಗಳಲ್ಲಿ ಎಂದೂ ಸುಳ್ಳು ಹೇಳದ ಸುಮಿತ್ರಾ ಸಹ, "ಈ ಸಲ ನೀವು ಆರಿಸಿ ಬರೂ ಹಂಗ ಕಾಣಸ್ತೈತ್ರಿ" ಎಂದಳು. ಅತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು.

ಇಲ್ಲಿಗೆ ಸುಮ್ಮನಿದ್ದಿದ್ದರೆ ಇಂದು ನಾನು ಪುರಸಭೆಯಲ್ಲಿರುತ್ತಿದ್ದೆ. ಪ್ರಚಾರ ಮುಗಿಯುವ ಮುನ್ನಾದಿನ ಸಿಂದಗಿಯಲ್ಲಿ ಒಂದು ಮದುವೆಗೆ ಪೆಂಡಾಲು ಒಪ್ಪಿಕೊಂಡಿದ್ದೆ. ನಮ್ಮ ಅಡ್ಡಹೆಸರು ಸಿಂದಗಿ. ಅಜ್ಜ ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ಬಂದವನೆಂದು ಮನೆಯಲ್ಲಿ ಕೇಳಿ ಗೊತ್ತಿತ್ತು. ಮದುವೆ ಮನೆಯಲ್ಲಿ ನಮ್ಮ ದೂರದ ಸಂಬಂಧದ ಒಬ್ಬ ಮುದುಕರು ಸಿಕ್ಕರು. ನನ್ನ ಗುರುತು ಹೇಳಿಕೊಂಡೆ. ಅವರು ಕಣ್ಣು ಕಿರಿದು ಮಾಡಿ ನೋಡಿ, "ಓಹೋ, ನೀ ಇಂಡಿಯವರ ಮೊಮ್ಮಗ ಹೌದಲ್ಲೋ?" ಎಂದರು. ಇಲ್ಲ, ನಾನು ಸಿಂದಗಿಯವರ ಮೊಮ್ಮಗ ಎಂದೆ. "ಅದು ಮುದ್ದೇಬಿಹಾಳದಾಗಪ್ಪ. ಇಲ್ಲಿ ಇದ್ದಾಗ ನಿಮ್ಮ ಮಂದಿಗೆ ಇಂಡಿಯವರು ಅಂತಿದ್ರು. ನಿಮ್ಮ ಅಜ್ಜನ ಅಪ್ಪ ಇಂಡಿಯಿಂದ ಬಂದಾಂವ" ಎಂದರು.

ಅಲ್ಲಿಯೇ ಒಂದು ಕುರ್ಚಿ ಎಳೆದುಕೊಂಡು ಕುಳಿತೆ. ಕಣ್ಣಲ್ಲಿ ನೀರು ಬಂದದ್ದು ನಿಜ. ಅಂದರೆ ನಾನು ಇಂಡಿಗೆ ಬಂದದ್ದಲ್ಲ, ಇಂಡಿಗೆ ಮರಳಿದ್ದು! ಮಲ್ಲಪ್ಪನ ಮುತ್ತಜ್ಜ ಬಾಗೇವಾಡಿಯಲ್ಲಿ ಎಮ್ಮೆ ಕಾಯುತ್ತಿದ್ದಾಗ ನನ್ನ ಮುತ್ತಜ್ಜ ಇಂಡಿಯ ಬಾವಿಯಲ್ಲಿ ಈಜುತ್ತಿದ್ದ! ಪೆಂಡಾಲನ್ನು ಹುಡುಗರಿಗೆ ಒಪ್ಪಿಸಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಯಿಂದ ತೊಗರಿ ಹೊಲಗಳನ್ನು ಮಾಲೀಕನಂತೆ ನೋಡುತ್ತ ಬಂದೆ. ಊರಿಗೆ ಇಳಿದವನೇ ಪ್ರಚಾರದ ಆಟೋ ಹತ್ತಿ ಮೈಕು ಹಿಡಿದೆ. "ಮಣ್ಣಿನ ಮಗ ಮರಳಿ ಬಂದಿದ್ದಾನೆ! ಅಸಲಿ ಇಂಡಿಯವನು ನಾನೇ! ನಿನ್ನೆ ಮೊನ್ನೆ ಎಲ್ಲಿಂದಲೋ ಬಂದವರ ಮಾತು ಕೇಳಬೇಡಿ! ಊರು ಊರಿನವರ ಕೈಯಲ್ಲಿರಲಿ!"

ಸಂಜೆಯ ತನಕ ಓಣಿ ಓಣಿ ತಿರುಗಿ ಇದನ್ನೇ ಕೂಗಿದೆ. ಮೂಲೆಯಲ್ಲಿ ಪಾನಿಪುರಿಯವನು ಮುಖ ತಿರುಗಿಸಿ ಆಲೂಗಡ್ಡೆ ಹಿಸುಕುತ್ತಿದ್ದ. ಗಿರಾಕಿಗಳ ಗದ್ದಲವಿರಬೇಕು ಎಂದುಕೊಂಡೆ. ಸುಮಿತ್ರಾ ಬಾಗಿಲಲ್ಲಿ ನಿಂತು, "ಏನ ಹಚ್ಚೀರಿ ಇದು? ನಿನ್ನಿ ತನಕಾ ಬ್ಯಾರೇನss ಹೇಳತಿದ್ರೆಲ್ಲ?" ಎಂದಳು. ನಾನು ಆಟೋ ಇಳಿಯದೆಯೇ, "ನಿಮ್ಮ ಮನೆತನ ಇಂಡಿಗೆ ಯಾವಾಗ ಬಂತು, ಅದನ್ನ ಮೊದಲ ನಿಮ್ಮವ್ವನ್ನ ಕೇಳಿ ಹೇಳು" ಎಂದೆ. ಆ ರಾತ್ರಿ ನನ್ನ ತಾಟಿಗೂ ಕಟಕಲು ರೊಟ್ಟಿಯೇ ಬಿತ್ತು.

ಸೋತೆ. ಹೇಗೆ ಸೋತೆನೆಂದು ವಿವರಿಸುವುದು ಬೇಡ. ಊರಿನವರು ನನ್ನ ಮುತ್ತಜ್ಜನನ್ನು ನಂಬಲಿಲ್ಲ ಎಂಬುದು ಅರ್ಥವಾಯಿತು. ಆದರೆ ಸೊಸೆಯಂದಿರ ಮತಗಳು ಎಲ್ಲಿ ಹೋದವು ಎಂಬುದು ತಿಳಿಯಲಿಲ್ಲ. ಫಲಿತಾಂಶ ಬಂದ ಸಂಜೆ ಗಂಗವ್ವನ ಕಟ್ಟೆಯ ಮುಂದೆ ಹೋಗಿ ನಿಂತೆ. "ಯವ್ವಾ, ನೀನೂ ನನಗ ಓಟ ಹಾಕಲಿಲ್ಲೇನು?" ಎಂದೆ.

ಅವಳು ಬುಟ್ಟಿ ಸರಿಸಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. "ಹಾಕೂದss ಇತ್ತು ತಮ್ಮಾ. ನಾವು ಸೊಸ್ತೇರೆಲ್ಲಾ ಕೂಡಿ ಮಾತಾಡಿದ್ವಿ, ಏನರ ಆಗಲಿ ಇಂವ ನಮ್ಮಾಂವ ಅಂತ. ಕಡೀಕ ನೋಡಿದ್ರ ನೀ ಊರಾಂವ ಆಗಿಬಿಟ್ಟಿ. ಊರಾವ್ರು ನಮಗ ಮೊದಲss ಭಾಳ ಮಂದಿ ಅದಾರ" ಎಂದಳು.

ಮತ್ತೆ ನಿಮ್ಮವನಾಗಲು ಬರುತ್ತದೆಯೇ ಎಂದು ಮೆಲ್ಲಗೆ ಕೇಳಿದೆ. ಗಂಗವ್ವ ನನ್ನನ್ನು ಮೇಲಿನಿಂದ ಕೆಳಗೆ ಅಳೆದಳು. "ನೋಡೂಣು. ಒಂದ ನಾಕೈದ ವರ್ಸ ನಡತಿ ನೋಡಿ ಹೇಳ್ತೇವಿ" ಎಂದಳು. ಒಂದೇ ಬೇಸಿಗೆ ಸಾಕೆಂದು ಊರೆಲ್ಲ ಕೂಗಿಕೊಂಡು ತಿರುಗಿದ್ದ ನಾನು, "ಆಗಲಿ ಯವ್ವಾ" ಎಂದು ಕೈಮುಗಿದೆ. ಈಗ ನನಗೆ ಅನ್ನಿಸುವುದೇನೆಂದರೆ, ವಲಸೆಯ ನಿಯಮಗಳಲ್ಲಿ ಅಂಥ ದೋಷವೇನೂ ಇಲ್ಲ. ನನ್ನಂಥವರೆಲ್ಲ ಒಳಗೆ ಬರುವುದಾದರೆ ಅವು ಇನ್ನಷ್ಟು ಬಿಗಿಯಾಗಿರುವುದೇ ಒಳ್ಳೆಯದು.